ಅಜ್ಜಿ ಓದದೆ ಬಿಟ್ಟ ಎರಡು ಸಾಲು

ಫೋನ್ ಬಂದಾಗ ನಾನು ತೋಟದಲ್ಲಿ ಅಡಿಕೆ ಹೆಕ್ಕುತ್ತಿದ್ದೆ. 2022ರ ಡಿಸೆಂಬರ್. ಆ ಕಡೆ ಬೆಂಗಳೂರಿನ ನಿರ್ಮಾಪಕರು. ಅವರ ಧಾರಾವಾಹಿಗಳಿಗೆ ಎಂಟು ವರ್ಷ ಸಂಭಾಷಣೆ ಬರೆದಿದ್ದೆ. ಲಾಕ್‌ಡೌನಿನಲ್ಲಿ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮ ಮನೆಗೆ ಬಂದವಳು ಮತ್ತೆ ಹೋಗಿರಲಿಲ್ಲ.

"ನಮ್ಮ ಆ ಹಳೇ ಸೀರಿಯಲ್ ಇದೆಯಲ್ಲ, ಅದನ್ನ ಈಗಿನ ಹುಡುಗರಿಗೆ ಅಂತ ಮಾಡೋಣ. ನೀವು ಬರೀತೀರಾ?" ಅಂದರು.

ಯಾವುದು ಅಂತ ಹೇಳುವ ಹಾಗಿಲ್ಲ, ಒಪ್ಪಂದ ಹಾಗಿದೆ. 1999ರಲ್ಲಿ ಶುರುವಾದದ್ದು, ಮಲೆನಾಡಿನ ಒಂದು ಕೂಡುಕುಟುಂಬದ ಕಥೆ ಅಂದರೆ ಸಾಕು. ಅವರಿಗೆ ಆ ಹುರುಪು ಬರಲು ಕಾರಣವೂ ಇತ್ತು. 1998ರಲ್ಲಿ ದೂರದರ್ಶನದಲ್ಲಿ ಬಂದ ಟಿ.ಎನ್. ಸೀತಾರಾಮ್ ಅವರ ‘ಮಾಯಾಮೃಗ’ ಆಗಷ್ಟೇ ‘ಮತ್ತೆ ಮಾಯಾಮೃಗ’ ಎಂದು ಮುಂದುವರಿದಿತ್ತು. 2020ರ ಲಾಕ್‌ಡೌನಿನಲ್ಲಿ ಹಳೇ ‘ರಾಮಾಯಣ’ವನ್ನು ಮತ್ತೆ ಹಾಕಿದಾಗ ಜನ ಟಿವಿ ಮುಂದೆ ಕೂತದ್ದನ್ನೂ ಅವರು ಮರೆತಿರಲಿಲ್ಲ. ಹಳೆಯದನ್ನು ಹಾಗೇ ಹಾಕುವುದು ಒಂದು ದಾರಿ. ಮುಂದಿನ ತಲೆಮಾರಿನ ಕಥೆ ಹೇಳುವುದು ಇನ್ನೊಂದು. ನಮ್ಮದು ಮೂರನೆಯದು: ಅದೇ ಕಥೆ, ಹೊಸ ಮನೆ. ವೆಬ್‌ಗೆ 24 ಕಂತು, ಒಂದೊಂದು ಇಪ್ಪತ್ತು ನಿಮಿಷ.

ಹಕ್ಕಿನ ಕಾಗದಪತ್ರಕ್ಕೇ ಐದು ತಿಂಗಳು ಹೋಯಿತು. ನಿರ್ಮಾಪಕರ ಕೈಯಲ್ಲಿ ಧಾರಾವಾಹಿ ಇದೆ ಅಂದ ಮಾತ್ರಕ್ಕೆ ಕಥೆಯೂ ಅವರದ್ದೇ ಆಗಬೇಕಾಗಿಲ್ಲ. ಮೂಲ ಲೇಖಕರು ತೀರಿಕೊಂಡಿದ್ದರು. ಅವರ ಮಕ್ಕಳ ಸಹಿ ಬೇಕಿತ್ತು. ಯಾರಾದರೂ ಇಂಥ ಕೆಲಸಕ್ಕೆ ಹೊರಟರೆ ಮೊದಲು ಇದನ್ನು ಮುಗಿಸಿಕೊಳ್ಳಿ, ಆಮೇಲೆ ಪೆನ್ನು ಹಿಡಿಯಿರಿ.

ಆ ಐದು ತಿಂಗಳಲ್ಲಿ ನಾನು ಹಳೇ ಕಂತುಗಳನ್ನು ನೋಡಿದೆ. ಗೋಡೌನಿನ ಅಟ್ಟದಲ್ಲಿದ್ದ ಬೀಟಾಕ್ಯಾಮ್ ಟೇಪುಗಳಲ್ಲಿ ಸುಮಾರು ಬೂಸಲು ಹಿಡಿದು ಹಾಳಾಗಿದ್ದವು. ಉಳಿದದ್ದರಲ್ಲಿ ಅರುವತ್ತು ಕಂತು ಪೆನ್‌ಡ್ರೈವ್‌ನಲ್ಲಿ ಬಂತು. ಚಿಕ್ಕವಳಿದ್ದಾಗ ಇದೇ ಚಾವಡಿಯಲ್ಲಿ ಕೂತು ನೋಡಿದ್ದೆ. ಅಡಿಕೆ ಮರದ ಕಂಬಕ್ಕೆ ಕಟ್ಟಿದ ಆಂಟೆನಾವನ್ನು ಅಣ್ಣ ತಿರುಗಿಸುವುದು, ಒಳಗಿಂದ ನಾವು "ಬಂತು, ಬಂತು, ಹೋಯ್ತು" ಅಂತ ಬೊಬ್ಬೆ ಹಾಕುವುದು. ಈಗ ನೋಡಿದರೆ ನಾಚಿಕೆ ಆಯಿತು. ಎಲ್ಲರೂ ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತಿದ್ದರು. ಒಂದು ಕಂತಿನಲ್ಲಿ ಸುಮ್ನೆ ಎಣಿಸಿದೆ. "ನಿನ್ನ ಗಂಡನ ಅಣ್ಣನಾಗಿ ಹೇಳ್ತಿದೀನಿ" ಅನ್ನುವ ಥರ ನೆಂಟಸ್ತಿಕೆ ಸಮೇತ ಶುರುವಾಗುವ ಮಾತು ಹನ್ನೊಂದು ಸಲ ಬಂತು.

ಇದು ದಡ್ಡತನ ಅಂತ ಮೊದಲು ಅಂದುಕೊಂಡೆ. ಆಮೇಲೆ ಅಮ್ಮನನ್ನು ಕೇಳಿದೆ. "ನಾನು ಅದನ್ನು ನೋಡಿದ್ದು ಎಲ್ಲಿ? ಅಡಿಗೆ ಕೋಣೆಯಿಂದ ಕೇಳಿದ್ದು" ಅಂದಳು. ಸರಿ, ಅರ್ಥವಾಯಿತು. ಅದು ದೋಸೆ ಹುಯ್ಯುತ್ತ, ಪಾತ್ರೆ ತಿಕ್ಕುತ್ತ ಕೇಳುವವರಿಗೆ ಬರೆದ ಧಾರಾವಾಹಿ. ಮಾತಾಡುವವರು ಯಾರು, ಯಾರ ಹತ್ತಿರ, ಮುಖ ಹೇಗಿದೆ, ಎಲ್ಲವೂ ಕಿವಿಗೇ ಸಿಗಬೇಕು. ಹಳೇ ಲೇಖಕರು ಲೆಕ್ಕ ತಪ್ಪಿರಲಿಲ್ಲ.

ಈಗಿನವರು ಫೋನನ್ನು ಮುಖದ ಹತ್ತಿರ ಹಿಡಿದು, ಇಯರ್‌ಫೋನ್ ಹಾಕಿ ನೋಡುತ್ತಾರೆ. ಹಾಗಾಗಿ ಮಾತು ಕಮ್ಮಿ ಮಾಡಬಹುದು, ಮೌನ ಜಾಸ್ತಿ ಇಡಬಹುದು ಅಂತ ನನ್ನ ಲೆಕ್ಕ. ಒಂಬತ್ತನೇ ಕ್ಲಾಸಿನ ಅಣ್ಣನ ಮಗಳಿಗೆ ಮೊದಲ ಕಂತಿನ ಕಚ್ಚಾ ಎಡಿಟ್ ತೋರಿಸಿದೆ. ಅವಳು ಕೂತ ಕೂಡಲೇ ಒಂದೂವರೆ ಪಟ್ಟು ಸ್ಪೀಡಿಗೆ ಹಾಕಿದಳು! ನಾನು ಕಷ್ಟಪಟ್ಟು ಇಟ್ಟ ಮೌನ ಎಲ್ಲ ಚಿಟಿಕೆಯಲ್ಲಿ ಹಾರಿಹೋಯಿತು.

ಮನೆ ಮಲೆನಾಡಿನಿಂದ ಕಾಸರಗೋಡಿಗೆ ಬಂದದ್ದು ಕಲೆಯ ಕಾರಣಕ್ಕಲ್ಲ, ದುಡ್ಡಿನ ಕಾರಣಕ್ಕೆ. ಹಿಂದೆ ಶೂಟಿಂಗ್ ಮಾಡಿದ ಮನೆ ಈಗ ಹೋಂಸ್ಟೇ. ದಿನಕ್ಕೆ ಅವರು ಕೇಳಿದ ಬಾಡಿಗೆ ಕೇಳಿ ನಿರ್ಮಾಪಕರು ಸುಮ್ಮನಾದರು. ನಮ್ಮ ದೊಡ್ಡಪ್ಪನ ಮನೆ ಖಾಲಿ ಬಿದ್ದಿತ್ತು. ನಾಲ್ಕು ಸುತ್ತಿನ ಹಂಚಿನ ಮನೆ, ಅಂಗಳ ತುಂಬ ಒಣಗಲು ಹಾಕಿದ ಅಡಿಕೆ, ಹಿಂದೆ ಮುರಕಲ್ಲಿನ ಗುಡ್ಡ. ಗುಡ್ಡದ ಹೊಟ್ಟೆ ಕೊರೆದು ಮಾಡಿದ ಸುರಂಗದಿಂದ ವರ್ಷವಿಡೀ ನೀರು. ನೋಡಲು ಬಲು ಚಂದ. ಆದರೆ ಆ ನೀರು ತೊಟ್ಟಿಗೆ ಬೀಳುವ ಸದ್ದು ನಮಗೆ ಅಭ್ಯಾಸವಾಗಿತ್ತು, ಮೈಕಿಗೆ ಆಗಿರಲಿಲ್ಲ. ಮೊದಲ ಎರಡು ದಿನ ರೆಕಾರ್ಡ್ ಮಾಡಿದ್ದನ್ನು ಕೇಳಿದಾಗ ಜಗಳದ ದೃಶ್ಯದ ಹಿಂದೆ ಯಾರೋ ಸ್ನಾನ ಮಾಡುತ್ತಿರುವ ಹಾಗಿತ್ತು. ಕೊನೆಗೆ ಮನೆಯ ಕೆಲಸದಣ್ಣ ಒಂದು ಅಡಿಕೆ ಹಾಳೆಯನ್ನು ಓರೆಯಾಗಿ ಇಟ್ಟ. ನೀರು ಅದರ ಮೇಲೆ ಜಾರಿ ಸದ್ದಿಲ್ಲದೆ ಇಳಿಯಿತು. ಬೆಂಗಳೂರಿನಿಂದ ಬಂದ ಸೌಂಡ್ ಹುಡುಗ ಆ ಹಾಳೆಯ ಫೋಟೋ ತೆಗೆದುಕೊಂಡು ಹೋದ.

ಮನೆ ಗಡಿ ದಾಟಿದ್ದೇ ತಡ, ಕಥೆ ಮುರಿದುಬಿತ್ತು. ಹಳೇ ಕಥೆಯ ಬೆನ್ನೆಲುಬೇ ಒಂದು ಕೋರ್ಟ್ ಕೇಸು. ಹಿರಿಯರ ಆಸ್ತಿಯನ್ನು ಅಪ್ಪ ಒಬ್ಬನೇ ಮಾರುವ ಹಾಗಿಲ್ಲ, ಅದರಲ್ಲಿ ನನಗೆ ಹುಟ್ಟಿನಿಂದಲೇ ಪಾಲಿದೆ ಅಂತ ಮಗ ಕೇಸು ಹಾಕುತ್ತಾನೆ. ಕಾಸರಗೋಡಿನಲ್ಲಿ ವಕೀಲರಾಗಿರುವ ನಮ್ಮ ದೂರದ ಭಾವ ಒಬ್ಬರಿದ್ದಾರೆ. ಸ್ಕ್ರಿಪ್ಟ್ ಓದಿ ಕನ್ನಡಕ ತೆಗೆದಿಟ್ಟರು.

"ಇದು ಇಲ್ಲಿ ನಡೆಯುವುದಿಲ್ಲ ತಂಗೀ."

"ಯಾಕೆ ಭಾವ?"

"ನಿನ್ನ ಮೂವತ್ತೈದು ವರ್ಷದ ಹೀರೋಗೆ ಹುಟ್ಟಿನ ಪಾಲು ಎಲ್ಲಿಂದ ಬರ್ತದೆ? ಕೇರಳದಲ್ಲಿ ಕೂಡುಕುಟುಂಬ ಅನ್ನುವುದೇ ಇಲ್ಲ ಮಾರಾಯ್ತಿ, ಕಾನೂನಿನಲ್ಲಿ."

ಹೌದು. ಹಿಂದೂ ಕೂಡುಕುಟುಂಬ ಪದ್ಧತಿಯನ್ನೇ ತೆಗೆದುಹಾಕುವ ಕಾನೂನನ್ನು ಕೇರಳ 1975ರಲ್ಲಿ ಮಾಡಿತು. 1976ರ ಡಿಸೆಂಬರ್ 1ರಿಂದ ಅದು ಜಾರಿಗೆ ಬಂತು. ಅಂದಿಗೆ ಇದ್ದವರಿಗೆ ಅವರವರ ಪಾಲು ಸಿಕ್ಕಿದ ಹಾಗೆ. ಆಮೇಲೆ ಹುಟ್ಟಿದವರಿಗೆ ಹುಟ್ಟಿದ ಕಾರಣಕ್ಕೆ ಪಾಲಿರಲಿಲ್ಲ. ಗಡಿಯ ಆಚೆ ಕಥೆ ಬೇರೆ. ಕರ್ನಾಟಕ ಕೂಡುಕುಟುಂಬವನ್ನು ಉಳಿಸಿಕೊಂಡೇ 1994ರಲ್ಲಿ ಮದುವೆಯಾಗದ ಹೆಣ್ಣುಮಕ್ಕಳನ್ನು ಅದರೊಳಗೆ ಸೇರಿಸಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳಿಗೂ ಆ ಹಕ್ಕು ಕೊಟ್ಟಿತು. 1956ರ ನವೆಂಬರ್ 1ರಂದು ಎಳೆದ ಗೆರೆಯ ಈಚೆ ಒಂದು ಸೀರಿಯಲ್, ಆಚೆ ಇನ್ನೊಂದು! ನಿರ್ಮಾಪಕರು "ಪ್ರೇಕ್ಷಕರಿಗೆ ಇದೆಲ್ಲ ಗೊತ್ತಾಗಲ್ಲ ಬಿಡಿ" ಅಂದರು. ನಮ್ಮ ಊರಿನಲ್ಲಿ ಪಾಲುಪಟ್ಟಿ ಆಗದ ಮನೆ ಯಾವುದುಂಟು? ಎಲ್ಲರಿಗೂ ಗೊತ್ತಾಗುತ್ತದೆ. ನಾನು ಒಪ್ಪಲಿಲ್ಲ.

ಕೇಸು ಹೋಯಿತು. ಅದರ ಜೊತೆ ಗುಟ್ಟುಗಳೂ ಹೋದವು. ಹಳೇ ಕಥೆಯ ಅರ್ಧ ಗಂಟುಗಳು ಫೋನ್ ಇಲ್ಲದ್ದರಿಂದ ಬಿದ್ದ ಗಂಟುಗಳು. ಬಸ್ ತಪ್ಪಿಹೋಗಿ ಮದುವೆ ಮುರಿಯುತ್ತದೆ. ಕಪಾಟಿನಲ್ಲಿ ಅಡಗಿಸಿಟ್ಟ ಕಾಗದ ನೂರು ಕಂತು ಕಳೆದ ಮೇಲೆ ಸಿಗುತ್ತದೆ. ಈಗ ಮನೆಯವರೆಲ್ಲ ಒಂದೇ ವಾಟ್ಸಾಪ್ ಗುಂಪಿನಲ್ಲಿದ್ದಾರೆ. ಯಾರು ಓದಿದರು, ಓದಿಯೂ ಉತ್ತರ ಕೊಡಲಿಲ್ಲ ಅನ್ನುವುದು ಎರಡು ನೀಲಿ ಗೆರೆಯಲ್ಲಿ ಕಾಣುತ್ತದೆ. ಫೋನ್ ಕಳೆದುಹೋಯಿತು, ರೇಂಜ್ ಇಲ್ಲ ಅಂತ ಬರೆಯುವುದು ಕಳ್ಳದಾರಿ. ಒಂದು ಕಂತಿನಲ್ಲಿ ಬರೆದು, ನನಗೇ ಅಸಹ್ಯವಾಗಿ ಹೊಡೆದುಹಾಕಿದೆ.

ಎರಡು ತಿಂಗಳು ಅಲ್ಲೇ ಸಿಕ್ಕಿಕೊಂಡೆ. ಬಿಡಿಸಿದ್ದು ಅಣ್ಣನ ಮಗಳೇ. ಒಂದು ದಿನ ಅಮ್ಮ ಹಳೇ ಪೆಟ್ಟಿಗೆಯಿಂದ ಅಜ್ಜನ ಲೆಕ್ಕದ ಪುಸ್ತಕ ತೆಗೆದಿದ್ದಳು. ಹುಡುಗಿ ಅದನ್ನು ತಿರುಗಿಸಿ ನೋಡಿ, "ಇದು ಯಾವ ಭಾಷೆ ಅತ್ತೆ?" ಅಂತ ಕೇಳಿದಳು.

ಕನ್ನಡ. ಹಳೇ ಮೋಡಿ ಬರಹದ, ಒಂದಕ್ಕೊಂದು ಅಂಟಿಕೊಂಡ ಕನ್ನಡ. ಅವಳದ್ದು ಇಂಗ್ಲಿಷ್ ಮೀಡಿಯಂ. ಎರಡನೇ ಭಾಷೆ ಮಲಯಾಳಂ. ಮನೆಯಲ್ಲಿ ಹವ್ಯಕ ಭಾಷೆ ಪಟಪಟ ಮಾತಾಡುತ್ತಾಳೆ, ಅಚ್ಚಾದ ಕನ್ನಡವನ್ನು ಬೆರಳಿಟ್ಟು ಓದುತ್ತಾಳೆ, ಕೈಬರಹ ಸುತರಾಂ ಬರುವುದಿಲ್ಲ. 2017ರಲ್ಲಿ ಮಲಯಾಳಂ ಕಡ್ಡಾಯದ ಕಾನೂನು ಬಂದಾಗ ಕಾಸರಗೋಡಿನ ಪ್ರತಿಭಟನೆಗೆ ನಮ್ಮ ಅಣ್ಣನೂ ಹೋಗಿದ್ದ. ಮಗಳು ಮಾತ್ರ ಹೀಗೆ. ಅವನನ್ನು ಬೈಯಲು ನನಗೆ ಬಾಯಿಲ್ಲ. ಶಾಲೆಯ ಬಸ್ಸು ಮನೆ ಬಾಗಿಲಿಗೆ ಬರುವುದು ಯಾವುದೋ ಅಲ್ಲಿಗೇ ತಾನೇ ಮಕ್ಕಳು ಹೋಗುವುದು?

ನನಗೆ ಬೇಕಾದ ಗುಟ್ಟು ಸಿಕ್ಕಿತು. ಅಜ್ಜ ಬರೆದಿಟ್ಟ ಕಾಗದವನ್ನು ಕಪಾಟಿನಲ್ಲಿ ಅಡಗಿಸುವುದೇ ಬೇಡ. ಚಾವಡಿಯ ಮೇಜಿನ ಮೇಲೆ ಬಿದ್ದುಕೊಂಡಿರಲಿ. ಪುಳ್ಳಿಗೆ, ಅಂದರೆ ಮೊಮ್ಮಗಳಿಗೆ, ಓದಲು ಬರುವುದಿಲ್ಲ. ಅಜ್ಜಿಯ ಹತ್ತಿರ ಓದಿಸುತ್ತಾಳೆ. ಅಜ್ಜಿ ಎರಡು ಸಾಲು ಬಿಟ್ಟು ಓದುತ್ತಾಳೆ. ಮೇಲಿನ ತೋಟ ತೆಗೆದುಕೊಂಡದ್ದು ಅಜ್ಜನ ತಂಗಿಯ ಚಿನ್ನ ಮಾರಿ, ಆ ತೋಟ ಅವಳಿಗೆ ಸೇರಬೇಕು ಅನ್ನುವ ಎರಡು ಸಾಲು. ಹುಟ್ಟಿನ ಪಾಲು ಯಾರಿಗಿದೆ, ಯಾರಿಗಿಲ್ಲ ಅಂತ ಯಾವ ಕಾನೂನು ಹೇಳಿದರೂ ಈ ಸಾಲ ಹಾಗೇ ಉಳಿಯುತ್ತದೆ.

ಸೆಟ್ಟಿನಲ್ಲಿದ್ದ ಸಹಾಯಕ ಹುಡುಗ ಬುದ್ಧಿವಂತ. "ಅಕ್ಕ, ಅವಳು ಫೋನಿನಲ್ಲಿ ಫೋಟೋ ತೆಗೆದು ಓದಿಸ್ಬಹುದಲ್ವಾ?" ಅಂದ. ಪ್ರಶ್ನೆ ಸರಿಯೇ, ಪ್ರೇಕ್ಷಕರೂ ಕೇಳುತ್ತಾರೆ. ಮಾಡಿ ನೋಡಿದೆವು. ನಮ್ಮ ಊರಿನ ನಿವೃತ್ತ ಕನ್ನಡ ಮಾಷ್ಟ್ರು ಶಾಯಿ ಪೆನ್ನಿನಲ್ಲಿ ಬರೆದುಕೊಟ್ಟ ಕಾಗದವದು. ಫೋನು ‘ಅಡಿಕೆ’ಯನ್ನು ‘ಅಡಿಗೆ’ ಅಂತ ಓದಿತು. ಉಳಿದದ್ದಕ್ಕೆ ತಲೆಬುಡ ಇರಲಿಲ್ಲ. ಆ ಪ್ರಯತ್ನವನ್ನೇ ದೃಶ್ಯದೊಳಗೆ ಸೇರಿಸಿದೆ. ಹುಡುಗಿ ಫೋನ್ ಹಿಡಿದು ನಗುತ್ತಾಳೆ, ಆಮೇಲೆ ಅಜ್ಜಿಯ ಹತ್ತಿರ ಹೋಗುತ್ತಾಳೆ.

ಅಜ್ಜಿಯ ಪಾತ್ರಕ್ಕೆ ಹಳೇ ಧಾರಾವಾಹಿಯ ಕಿರಿ ಸೊಸೆಯನ್ನೇ ಕರೆದೆವು. ಬೆಂಗಳೂರಿನವರು. ಹವ್ಯಕ ಭಾಷೆ ಗೊತ್ತಿರಲಿಲ್ಲ. ಶೂಟಿಂಗಿಗೆ ಹತ್ತು ದಿನ ಮುಂಚೆ ಬಂದು ನಮ್ಮ ಮನೆಯಲ್ಲೇ ಉಳಿದರು. ಪಾಠ ಅಂತ ಏನೂ ಮಾಡಲಿಲ್ಲ. ಅಮ್ಮನ ಜೊತೆ ಅಡಿಗೆ ಕೋಣೆಯಲ್ಲಿ ಮಾತಾಡುತ್ತ ಹಲಸಿನ ಹಪ್ಪಳ ಲಟ್ಟಿಸಿದರು, ಅಷ್ಟೇ. ಅಜ್ಜನಾಗಿ ಮಾಡಿದವರು ಯಕ್ಷಗಾನದ ಹಿರಿಯ ವೇಷಧಾರಿ. ಯಕ್ಷಗಾನ ಪ್ರಸಂಗಗಳ ಕವಿ ಪಾರ್ತಿಸುಬ್ಬನ ಸೀಮೆಯವರಿಗೆ ಸಣ್ಣ ದನಿಯಲ್ಲಿ ಮಾತಾಡಿ ಅಂತ ಹೇಳುವುದು ಸುಲಭ ಅಲ್ಲ ಕಾಣಿ. ಉಯಿಲಿನ ದೃಶ್ಯವನ್ನು ಅವರು ಯುದ್ಧಕ್ಕೆ ಹೊರಟವರಂತೆ ಶುರುಮಾಡಿದರು. ಆರನೇ ಟೇಕಿಗೆ ಇಳಿದರು.

ಭಾಷೆಯ ಬಗ್ಗೆ ನಿರ್ಮಾಪಕರಿಗೆ ಕೊನೆಯವರೆಗೂ ಹೆದರಿಕೆ. ಹಿರಿಯರೊಳಗೆ ಹವ್ಯಕ, ಕೆಲಸದವರ ಹತ್ತಿರ ತುಳು, ವಿಲೇಜ್ ಆಫೀಸಿನಲ್ಲಿ ಮಲಯಾಳಂ, ಬೆಂಗಳೂರಿನ ಮಗನ ಹತ್ತಿರ ಪೇಟೆ ಕನ್ನಡ. "ಒಂದೇ ಮನೆಯಲ್ಲಿ ಇಷ್ಟೊಂದಾ?" ಅಂದರು. ಇಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದೊಳಗೆ ಇಷ್ಟೂ ಆಗುತ್ತದೆ ಸಾರ್ ಅಂದೆ. ಕೆಳಗೆ ಕನ್ನಡದಲ್ಲೇ ಸಬ್‌ಟೈಟಲ್ ಹಾಕುವುದಕ್ಕೆ ಒಪ್ಪಿದೆ.

ಅವರ ಇನ್ನೊಂದು ಆಸೆಗೆ ಮಾತ್ರ ಒಪ್ಪಲಿಲ್ಲ. 1984ರ ಜುಲೈಯಲ್ಲಿ ಶುರುವಾದ ‘ಹಮ್ ಲೋಗ್’ನಲ್ಲಿ ಕಂತಿನ ಕೊನೆಗೆ ಅಶೋಕ್ ಕುಮಾರ್ ಬಂದು ಪ್ರೇಕ್ಷಕರ ಜೊತೆ ಮಾತಾಡುತ್ತಿದ್ದರು. ಹಾಗೆ ಒಬ್ಬರು ಬೇಕು ಅಂತ. (ನಮ್ಮ ಕಾಸರಗೋಡು ಜಿಲ್ಲೆಯಾದದ್ದೂ ಅದೇ ವರ್ಷ, ಮೇ 24ಕ್ಕೆ. ‘ಹಮ್ ಲೋಗ್’ಗಿಂತ ನಾವು ಒಂದೂವರೆ ತಿಂಗಳು ಹಿರಿಯರು!) ಆ ಕಾಲಕ್ಕೆ ಅದು ಚಂದ. ಸ್ಪೀಡ್ ಏರಿಸಿ ನೋಡುವ ಹುಡುಗಿಗೆ ಕೊನೆಯಲ್ಲಿ ಬುದ್ಧಿಮಾತು ಹೇಳಲು ಹೋದರೆ ಯಾರು ಕೂರುತ್ತಾರೆ?

ಕಾಗದದ ದೃಶ್ಯದಲ್ಲಿ ಕೈಬರಹಕ್ಕೂ ಸಬ್‌ಟೈಟಲ್ ಬೇಡ ಅಂದೆ. ಇದಕ್ಕೇ ಜಾಸ್ತಿ ಜಗಳವಾದದ್ದು. ಕ್ಯಾಮೆರಾ ಕಾಗದದ ಮೇಲೆ ಏಳು ಸೆಕೆಂಡು ನಿಲ್ಲುತ್ತದೆ. ಓದಲು ಬರುವವರಿಗೆ ಎಲ್ಲವೂ ಕಾಣುತ್ತದೆ, ಬಾರದವರು ಆ ಹುಡುಗಿಯ ಜೊತೆ ಕತ್ತಲಲ್ಲಿ. ಅಜ್ಜಿ ಓದುತ್ತ ಬಂದು, ಆ ಜಾಗಕ್ಕೆ ಬಂದಾಗ ಸೆರಗಿನಿಂದ ಕನ್ನಡಕ ಒರೆಸುತ್ತಾಳೆ. ಮತ್ತೆ ಹಾಕಿಕೊಂಡು ಮೂರನೇ ಸಾಲಿನಿಂದ ಮುಂದುವರಿಸುತ್ತಾಳೆ. "ಅಷ್ಟೆಯಾ ಅಜ್ಜಿ?" ಅಂತ ಹುಡುಗಿ ಕೇಳುತ್ತಾಳೆ. ಅಜ್ಜಿ ಕಾಗದ ಮಡಿಸಿ "ಮತ್ತೆ ಎಂತ ಇಲ್ಲೆ" ಅನ್ನುತ್ತಾಳೆ. ಕನ್ನಡಕ ಒರೆಸುವುದು ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಹಪ್ಪಳ ಲಟ್ಟಿಸುವಾಗ ಅಮ್ಮನನ್ನು ನೋಡಿ ಕಲಿತದ್ದಂತೆ.

2024ರಲ್ಲಿ ಬಂತು. ನಮ್ಮ ಊರ ಕಡೆ ಚೆನ್ನಾಗಿ ನೋಡಿದರು. ಬೆಂಗಳೂರಿನಲ್ಲಿ ಸಾಧಾರಣ. ಹಳೇ ಧಾರಾವಾಹಿಯ ಅಭಿಮಾನಿಗಳಲ್ಲಿ ಕೆಲವರು ಕೋರ್ಟಿನ ದೃಶ್ಯಗಳೇ ಇಲ್ಲ ಅಂತ ಬೈದರು, ಅದು ನ್ಯಾಯವೇ. 2025ರ ಜುಲೈಯಲ್ಲಿ ವಕೀಲ ಭಾವನ ಫೋನ್ ಬಂತು. 1975ರ ಆ ಕಾನೂನಿನ ಮುಖ್ಯ ಭಾಗಗಳು 2005ರ ಕೇಂದ್ರ ತಿದ್ದುಪಡಿಯ ಎದುರು ನಿಲ್ಲುವುದಿಲ್ಲ, ಹೆಣ್ಣುಮಕ್ಕಳಿಗೂ ಹಿರಿಯರ ಆಸ್ತಿಯಲ್ಲಿ ಸಮಪಾಲು ಅಂತ ಕೇರಳ ಹೈಕೋರ್ಟು ಹೇಳಿತ್ತು. "ನಿನ್ನ ಕೋರ್ಟ್ ಕೇಸು ವಾಪಸು ಬಂತು ನೋಡು" ಅಂತ ನಗಾಡಿದರು.

ಕಾಗದದ ಕಂತು ಬಂದ ದಿನ ಅಣ್ಣನ ಮಗಳು ಚಾವಡಿಯಲ್ಲಿ ಕೂತು ನೋಡುತ್ತಿದ್ದಳು, ಒಂದೂವರೆ ಪಟ್ಟು ಸ್ಪೀಡಿನಲ್ಲೇ. ಅಜ್ಜಿ ಕನ್ನಡಕ ಒರೆಸಿದಲ್ಲಿ ನಿಲ್ಲಿಸಿದಳು. ಹಿಂದೆ ಹೋದಳು. ಕಾಗದ ಕಾಣುವ ಜಾಗದಲ್ಲಿ ಮತ್ತೆ ನಿಲ್ಲಿಸಿ, ಬೆರಳಿನಿಂದ ದೊಡ್ಡದು ಮಾಡಿದಳು. ನನ್ನನ್ನು ಕೇಳಲಿಲ್ಲ. ಫೋನ್ ಹಿಡಿದುಕೊಂಡು ಸೀದಾ ಅಡಿಗೆ ಕೋಣೆಗೆ ಹೋದಳು.

"ಅಜ್ಜಿ, ಇದರಲ್ಲಿ ಎಂತ ಇದ್ದು?"

ಅಮ್ಮ ಕೈ ಒರೆಸಿಕೊಂಡು ಫೋನನ್ನು ದೂರ ಹಿಡಿದು ಓದಿದಳು. ಪೂರ್ತಿ ಓದಿದ್ದು ನನಗೆ ಬಾಗಿಲಲ್ಲಿ ನಿಂತು ಕಾಣುತ್ತಿತ್ತು. ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಫೋನನ್ನು ಮೊಮ್ಮಗಳ ಕೈಗೆ ಕೊಟ್ಟು, "ಮತ್ತೆ ಎಂತ ಇಲ್ಲೆ" ಅಂದಳು.