ಮೈಸೂರಿನ ಹೊಸ ಬಡಾವಣೆಗಳ ರಸ್ತೆ ಅಳೆದ ಬಗೆ

ಮೈಸೂರು ಹೊರ ವರ್ತುಲ ರಸ್ತೆ ದಾಟಿ ಬೆಳೆಯುತ್ತಿರುವುದು ಎಲ್ಲರಿಗೂ ಗೊತ್ತು. ನಗರ ಯೋಜನೆಯ ಕೆಲಸದಲ್ಲಿರುವ ನನಗೆ ಬೇಕಿದ್ದುದು ಇನ್ನೊಂದು ಉತ್ತರ: ಹೊಸ ರಸ್ತೆಗಳು ಒಂದಕ್ಕೊಂದು ಕೂಡುತ್ತವೆಯೇ?

ಜನರೇ ಸೇರಿ ತಯಾರಿಸುವ ಉಚಿತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ರಸ್ತೆಗಳನ್ನು ಇಳಿಸಿಕೊಂಡು, ಮೀಟರ್ ಲೆಕ್ಕ ಸಿಗಲೆಂದು ಯುಟಿಎಂ ಎಂಬ ನಕ್ಷೆ ಪದ್ಧತಿಯ 43 ಉತ್ತರ ವಲಯಕ್ಕೆ ಬದಲಿಸಿದೆ. ಆಮೇಲೆ ರಸ್ತೆ ಕೂಡುವ ಅಥವಾ ಮುಗಿಯುವ ಪ್ರತಿ ಬಿಂದುವಿನಲ್ಲಿ ಎಷ್ಟು ದಾರಿ ಸೇರುತ್ತವೆ ಎಂದು ಎಣಿಸುವುದು. ಒಂದೇ ಇದ್ದರೆ ಡೆಡ್ ಎಂಡ್, ಮೂರಿದ್ದರೆ ಟಿ, ನಾಲ್ಕಿದ್ದರೆ ಚೌಕ. ನಕ್ಷೆಯನ್ನು ಗಡಿಯಲ್ಲೇ ಕತ್ತರಿಸಿದರೆ ಹೊರಗೆ ಹೋಗುವ ರಸ್ತೆಗಳೂ ಡೆಡ್ ಎಂಡ್ ಆಗಿಬಿಡುತ್ತವೆ. ಆದ್ದರಿಂದ ಒಂದಷ್ಟು ಆಚೆಯವರೆಗೂ ತೆಗೆದುಕೊಂಡು, ಎಣಿಕೆ ಮುಗಿದ ಮೇಲೆ ಕತ್ತರಿಸಬೇಕು.

ಸಂಶೋಧಕರಾದ ಬ್ಯಾರಿಂಗ್ಟನ್-ಲೀ ಮತ್ತು ಮಿಲ್ಲರ್ಡ್-ಬಾಲ್ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1975ರಿಂದೀಚೆಗೆ ಜಗತ್ತಿನ ಹಲವೆಡೆ ಹೊಸ ರಸ್ತೆಗಳ ಕೂಡುವಿಕೆ ಕುಗ್ಗುತ್ತಾ ಬಂದಿದೆ. ಆದರೆ ನಮ್ಮ ಖಾಸಗಿ ಬಡಾವಣೆಗಳಿಗೆ ಒಂದು ಬಿಂದುವಿಗೆ ಎಷ್ಟು ದಾರಿ ಎಂಬ ಬರೀ ಸರಾಸರಿ ಸಾಲದು. ಒಳಗೆ ಮೇನ್, ಕ್ರಾಸ್ ಎಲ್ಲ ಅಚ್ಚುಕಟ್ಟು. ಸರಾಸರಿಯೂ ಚೆನ್ನಾಗಿಯೇ ಬರುತ್ತದೆ. ದಾರಿ ಕಡಿದುಹೋಗುವುದು ಎರಡು ಬಡಾವಣೆಗಳ ಅಂಚಿನಲ್ಲಿ. ಹಾಗಾಗಿ ಗಡಿಯ ಎರಡೂ ಬದಿಯ ಮನೆಗಳ ನಡುವೆ ನೇರ ದೂರ ಎಷ್ಟು, ರಸ್ತೆಯಲ್ಲಿ ಹೋದರೆ ಎಷ್ಟು ಎಂದು ಅಳೆದೆ. ನನ್ನ ಕೆಲಸದಲ್ಲಿ ನಿಜವಾಗಿ ಕಣ್ಣು ತೆರೆಸಿದ್ದು ಈ ಲೆಕ್ಕ.

ಬೋಗಾದಿ ಕಡೆ ಒಂದು ಜಾಗವಿದೆ. ಅಡ್ಡರಸ್ತೆ ಸಿಮೆಂಟ್ ಇಟ್ಟಿಗೆಯ ಗೋಡೆಗೆ ಬಂದು ನಿಲ್ಲುತ್ತದೆ, ಗೋಡೆಯಾಚೆ ಅಷ್ಟೇ ಅಗಲದ ರಸ್ತೆ ಮುಂದುವರಿಯುತ್ತದೆ. ಆಚೆಯ ಹಾಲಿನ ಬೂತ್ ಕೂಗಿದರೆ ಕೇಳುವಷ್ಟು ಹತ್ತಿರ. ಸ್ಕೂಟರಿನಲ್ಲಿ ಹೋಗುವವರು ಮುಖ್ಯರಸ್ತೆಗೆ ಇಳಿದು, ಯು-ಟರ್ನ್ ಹೊಡೆದು ಬರಬೇಕು. ಎಲ್ಲರನ್ನೂ ಹೀಗೆ ಒಂದೇ ರಸ್ತೆಗೆ ದಬ್ಬಿ, ಆಮೇಲೆ ಟ್ರಾಫಿಕ್ ಜಾಸ್ತಿ ಎಂದು ಅದನ್ನೇ ಅಗಲ ಮಾಡುತ್ತೇವೆ. ಗೋಡೆಯ ಮೂಲೆಯಲ್ಲಿ ಯಾರೋ ಇಟ್ಟಿಗೆ ಕಿತ್ತಿದ್ದಾರೆ, ಶಾಲೆಯ ಮಕ್ಕಳು ಬ್ಯಾಗು ಮುಂದೆ ಹಿಡಿದು ಅಲ್ಲಿಂದ ನುಸುಳುತ್ತಾರೆ. ಯಾವ ನಕ್ಷೆಯಲ್ಲೂ ಆ ಕಿಂಡಿ ಇಲ್ಲ. ಅಂಥ ಕಿಂಡಿಗಳನ್ನು ಕಾಲ್ನಡಿಗೆಯಲ್ಲಿ ಹುಡುಕಿ ಗುರುತು ಹಾಕಿಕೊಂಡೆ, ಏಕೆಂದರೆ ದಾರಿ ಎಲ್ಲಿ ಬೇಕೆಂದು ಜನ ಆಗಲೇ ತೋರಿಸಿರುತ್ತಾರೆ. ಈ ಕೆಲಸ ಮಾಡುವವರಿಗೆ ನಾನು ಮೊದಲು ಹೇಳುವುದೂ ಇದನ್ನೇ: ನಡೆದು ನೋಡಿ.

ಈಗ ಲೇಔಟ್ ನಕ್ಷೆ ಕೈಗೆ ಬಂದರೆ ಪಕ್ಕದ ಸರ್ವೆ ನಂಬರಿನ ನಕ್ಷೆಯನ್ನೂ ಅದೇ ಹಾಳೆಯಲ್ಲಿ ಕೂಡಿಸುತ್ತೇನೆ. ರಸ್ತೆ ರಸ್ತೆಗೆ ಎದುರಾಗಬೇಕು, ಆಗದಿದ್ದರೆ ಕಾಲುದಾರಿಯಾದರೂ ಬಿಡಿಸಬೇಕು. ಮಂಜೂರಾತಿಗೆ ಮುಂಚೆ ಇದು ಒಂದು ಗೆರೆಯ ಕೆಲಸ. ಸೈಟು ರಿಜಿಸ್ಟರ್ ಆದ ಮೇಲೆ ಯಾರೂ ಒಂದಡಿ ಬಿಟ್ಟುಕೊಡುವುದಿಲ್ಲ.