ಹಳೆಯ ಕಂಪ್ಯೂಟರ್‌ಗಳ ಪರೀಕ್ಷೆ ಮತ್ತು ಸ್ವಂತ ಬಿಟ್‌ಕಾಯಿನ್ ನೋಡ್: ನನ್ನ ಅನುಭವ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಲ್ಲುತ್ತದೆ ಎಂಬ ಸುದ್ದಿ ಹರಡಿದ ದಿನಗಳಲ್ಲಿ, ಮೈಸೂರಿನ ನಮ್ಮ ಬಡಾವಣೆಯ ಒಂದು ಕಚೇರಿಯವರು ಎರಡು ಡೆಸ್ಕ್‌ಟಾಪ್‌ಗಳನ್ನೂ ಒಂದು ಲ್ಯಾಪ್‌ಟಾಪನ್ನೂ ಗುಜರಿಗೆ ಹಾಕಲು ತೆಗೆದಿಟ್ಟಿದ್ದರು. ಹಳೆಯ ಯಂತ್ರಗಳನ್ನು ಸರಿಪಡಿಸಿ ಓದುವ ಮಕ್ಕಳಿಗೆ ಕೊಡುವ ಕೆಲಸವನ್ನು ನಾನು ಕೆಲವು ವರ್ಷಗಳಿಂದ ಮಾಡಿಕೊಂಡು ಬಂದಿರುವುದರಿಂದ, ಆ ಮೂರನ್ನೂ ಕೇಳಿ ಮನೆಗೆ ತಂದೆ. ಮೂರರಲ್ಲಿಯೂ ಇದ್ದದ್ದು ಇಂಟೆಲ್‌ನ ಎರಡನೆಯ ಮತ್ತು ಮೂರನೆಯ ಪೀಳಿಗೆಯ ಪ್ರೊಸೆಸರ್‌ಗಳು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ ಹೊಸ ಪ್ರೊಸೆಸರನ್ನೂ ಬೇಡುವುದರಿಂದ, ಕೆಡದೆ ಇದ್ದರೂ ಅವು ಬೇಡವಾಗಿದ್ದವು. ಅವುಗಳನ್ನು ಪರೀಕ್ಷಿಸಿ, ಒಂದನ್ನು ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣದ ಜಾಲಕ್ಕೆ ಸೇರಿಸಿದ ಅನುಭವವಿದು.

ಮೊದಲು ಮಾಡಿದ ಕೆಲಸವೆಂದರೆ ಹಾರ್ಡ್‌ಡಿಸ್ಕ್‌ಗಳನ್ನು ಪೂರ್ತಿ ಅಳಿಸಿದ್ದು. ಒಳಗಿನ ಕಡತಗಳನ್ನು ತೆರೆದು ನೋಡುವುದು ಸರಿಯಲ್ಲವೆಂದು ನಾನು ನಂಬಿದ್ದೇನೆ. ಆದ್ದರಿಂದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಎನ್‌ವೈಪ್ ಎಂಬ ತಂತ್ರಾಂಶದಿಂದ ಡಿಸ್ಕಿನ ಮೇಲೆಲ್ಲ ಹೊಸದಾಗಿ ಬರೆಸಿದೆ. ಆಮೇಲೆ ಕ್ಯಾಬಿನೆಟ್ ಬಿಚ್ಚಿ ಧೂಳು ತೆಗೆದು, ಪ್ರೊಸೆಸರ್ ಮೇಲೆ ಒಣಗಿ ಗಟ್ಟಿಯಾಗಿದ್ದ ಪೇಸ್ಟನ್ನು ಒರೆಸಿ ಹೊಸದನ್ನು ಹಚ್ಚಿದೆ. ಮದರ್‌ಬೋರ್ಡಿನ ಸಿಆರ್ 2032 ಬ್ಯಾಟರಿ ಸತ್ತಿದ್ದರೆ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಹಾಗಾದಾಗ ಲಿನಕ್ಸ್ ತನ್ನ ತಂತ್ರಾಂಶದ ಪಟ್ಟಿಯನ್ನು ‘ಇನ್ನೂ ಮಾನ್ಯವಾಗಿಲ್ಲ’ ಎಂದು ತಿರಸ್ಕರಿಸುತ್ತದೆ. ಈ ಚಿಕ್ಕ ಬ್ಯಾಟರಿಯನ್ನು ಮರೆತು ಹಿಂದೊಮ್ಮೆ ಒಂದು ಇಡೀ ಸಂಜೆ ಕಳೆದಿದ್ದರಿಂದ ಈಗ ಅದನ್ನೇ ಮೊದಲು ಬದಲಿಸುತ್ತೇನೆ.

ಕಾರ್ಯಾಚರಣ ವ್ಯವಸ್ಥೆಗೆ ನಾನು ಆರಿಸಿಕೊಂಡದ್ದು ಡೆಬಿಯನ್. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಈ ಯೋಜನೆ ಇಂದಿಗೂ ಸ್ವಯಂಸೇವಕರ ಕೈಯಲ್ಲಿಯೇ ಇದೆ. ಐಎಸ್‌ಒ ಎಂಬ ಸ್ಥಾಪನಾ ಕಡತವನ್ನು ಇಳಿಸಿಕೊಂಡ ಮೇಲೆ ಅದರ ಎಸ್‌ಎಚ್‌ಎ-256 ಮೊತ್ತವನ್ನು (ಕಡತದಲ್ಲಿ ಏನೇ ಬದಲಾದರೂ ಬೇರೆಯಾಗುವ ಗುರುತುಸಂಖ್ಯೆಯನ್ನು) ಲೆಕ್ಕ ಹಾಕಿ, ಪ್ರಕಟಿತ ಮೊತ್ತದೊಂದಿಗೆ ಹೋಲಿಸಿ, ಆ ಪಟ್ಟಿಯ ಡಿಜಿಟಲ್ ಸಹಿಯನ್ನೂ ಜಿಪಿಜಿ ತಂತ್ರಾಂಶದಿಂದ ಪರಿಶೀಲಿಸಿದೆ. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ, ಆದರೆ ಇದಕ್ಕೆ ಐದು ನಿಮಿಷ ಸಾಕು. ಕನ್ನಡದ ಬಳಕೆಗೆ ಗುಬ್ಬಿ ಮತ್ತು ನವಿಲು ಫಾಂಟ್‌ಗಳು ಡೆಬಿಯನ್‌ನಲ್ಲಿಯೇ ಸಿಗುತ್ತವೆ. ಕಗಪ ಕೀಲಿಮಣೆ ವಿನ್ಯಾಸವನ್ನೂ ಸೆಟ್ಟಿಂಗ್ಸ್‌ನಲ್ಲಿ ಸೇರಿಸಿಕೊಂಡರೆ ಸಾಕು.

ಯಂತ್ರಗಳ ಪರೀಕ್ಷೆಗೆ ಬಂದರೆ, ಡಿಸ್ಕಿನ ವಿಷಯದಲ್ಲಿ ನಾನು ಸ್ಮಾರ್ಟ್ ವರದಿಯ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ದಾಖಲೆಯ) ಮೂರು ಸಾಲುಗಳನ್ನು ಮುಖ್ಯವಾಗಿ ನೋಡುತ್ತೇನೆ: ಕೆಟ್ಟದ್ದರಿಂದ ಸ್ಥಳಾಂತರಿಸಿದ, ಡಿಸ್ಕಿನ ಚಿಕ್ಕ ಭಾಗಗಳಾದ ಸೆಕ್ಟರ್‌ಗಳು, ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳು, ಮತ್ತು ಕೇಬಲ್ ದೋಷವನ್ನು ತೋರಿಸುವ ಸಿಆರ್‌ಸಿ ಎಣಿಕೆ. ಒಂದು ಡೆಸ್ಕ್‌ಟಾಪಿನ ಡಿಸ್ಕಿನಲ್ಲಿ ಬಾಕಿ ಸೆಕ್ಟರ್‌ಗಳು ಇದ್ದುದರಿಂದ ಅದನ್ನು ತೆಗೆದು 240 ಜಿ.ಬಿ.ಯ ಎಸ್‌ಎಸ್‌ಡಿ ಹಾಕಿದೆ. ಬಳಿಕ ಸ್ಟ್ರೆಸ್-ಎನ್‌ಜಿಯಿಂದ ಪ್ರೊಸೆಸರಿಗೆ ಒಂದು ಗಂಟೆ ಪೂರ್ಣ ಭಾರ ಕೊಟ್ಟು ಉಷ್ಣಾಂಶವನ್ನು ಗಮನಿಸಿದೆ; ಎಲ್ಲವೂ ಎಪ್ಪತ್ತು ಡಿಗ್ರಿಯ ಆಸುಪಾಸಿನಲ್ಲಿಯೇ ನಿಂತವು. ರ‍್ಯಾಮ್ ಪರೀಕ್ಷೆಗೆ ಮೆಮ್‌ಟೆಸ್ಟ್86+ ಓಡಿಸಿ, ಒಂದು ಸುತ್ತು ದೋಷವಿಲ್ಲದೆ ಮುಗಿದ ಕೂಡಲೇ ನಿಲ್ಲಿಸಿದೆ. ಆ ಅವಸರದ ಬೆಲೆ ಮುಂದೆ ತೆರಬೇಕಾಯಿತು.

ಎಸ್‌ಎಸ್‌ಡಿ ಹಾಕಿದ, 8 ಜಿ.ಬಿ. ರ‍್ಯಾಮ್ ಇದ್ದ ಡೆಸ್ಕ್‌ಟಾಪನ್ನು ಕೆಲವು ತಿಂಗಳ ಮಟ್ಟಿಗೆ ನಾನೇ ಇಟ್ಟುಕೊಂಡೆ. ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ 2008ರ ಅಕ್ಟೋಬರ್ 31ರಂದು ಪ್ರಕಟವಾದ ಬಿಟ್‌ಕಾಯಿನ್ ಪ್ರಬಂಧವನ್ನು ಬಹಳ ಹಿಂದೆಯೇ ಓದಿದ್ದೆ. ಆದರೆ ನಮ್ಮ ಸುತ್ತ ಅದರ ಮಾತು ಬಂದಾಗಲೆಲ್ಲ ದರದ ಏರಿಳಿತವೊಂದನ್ನೇ ಚರ್ಚಿಸುತ್ತಿದ್ದರು. ಯಾವ ಬ್ಯಾಂಕೂ ಇಲ್ಲದೆ, ಒಬ್ಬರನ್ನೊಬ್ಬರು ನಂಬದ ಸಾವಿರಾರು ಕಂಪ್ಯೂಟರ್‌ಗಳು ಒಂದೇ ಲೆಕ್ಕದ ಪುಸ್ತಕವನ್ನು ಹೇಗೆ ಒಪ್ಪುತ್ತವೆ ಎಂಬುದನ್ನು ನನ್ನ ಮೇಜಿನ ಮೇಲೆಯೇ ನೋಡಬೇಕೆಂದು ಆಸೆಯಿತ್ತು. ಆ ಪುಸ್ತಕವನ್ನು ಇಳಿಸಿಕೊಂಡು ತಾನೇ ಪರಿಶೀಲಿಸುವ ಕಂಪ್ಯೂಟರನ್ನು ನೋಡ್ ಎನ್ನುತ್ತಾರೆ; ಪುಸ್ತಕದ ಒಂದೊಂದು ಪುಟದಂತಿರುವುದು ಬ್ಲಾಕ್.

ಬಿಟ್‌ಕಾಯಿನ್ ಕೋರ್ ಎಂಬ ನೋಡ್ ತಂತ್ರಾಂಶವನ್ನೂ ಡೆಬಿಯನ್‌ನಂತೆಯೇ ಮೊತ್ತ ಮತ್ತು ಸಹಿಗಳನ್ನು ಪರಿಶೀಲಿಸಿ ಸ್ಥಾಪಿಸಿದೆ. ಆರಂಭಿಸುವವರು ಮೊದಲು ರೆಗ್‌ಟೆಸ್ಟ್ ವಿಧಾನದಲ್ಲಿ ಓಡಿಸಬೇಕೆಂಬುದು ನನ್ನ ಸಲಹೆ. ಅಲ್ಲಿ ಅಂತರ್ಜಾಲದ ಅಗತ್ಯವೇ ಇಲ್ಲ. ಒಂದು ಆದೇಶ ಕೊಟ್ಟರೆ ಬ್ಲಾಕ್‌ಗಳು ಕ್ಷಣದಲ್ಲಿ ಸೃಷ್ಟಿಯಾಗುತ್ತವೆ. ನಾನು 101 ಬ್ಲಾಕ್‌ಗಳನ್ನು ಸೃಷ್ಟಿಸಿದಾಗ ಮಾತ್ರ ಮೊದಲ ಬ್ಲಾಕಿಗೆ ಬಹುಮಾನವಾಗಿ ಹುಟ್ಟಿದ 50 ನಾಣ್ಯಗಳು ಖರ್ಚಿಗೆ ಸಿಕ್ಕವು, ಏಕೆಂದರೆ ಹೊಸದಾಗಿ ಹುಟ್ಟಿದ ನಾಣ್ಯದ ಮೇಲೆ ಇನ್ನೂ ನೂರು ಬ್ಲಾಕ್‌ಗಳು ಕೂರುವವರೆಗೆ ಅದನ್ನು ಖರ್ಚು ಮಾಡಲು ನಿಯಮ ಬಿಡುವುದಿಲ್ಲ. ಪುಸ್ತಕದಲ್ಲಿ ಓದಿ ಮರೆತಿದ್ದ ಈ ನಿಯಮ ಅಂದಿನಿಂದ ಮರೆತಿಲ್ಲ.

ಮುಂದಿನ ಹಂತ ಸಿಗ್ನೆಟ್. ಇದು ಬೆಲೆಯಿಲ್ಲದ ನಾಣ್ಯಗಳ ಪರೀಕ್ಷಾ ಜಾಲ. ಇಲ್ಲಿ ಬ್ಲಾಕ್‌ಗಳಿಗೆ ಗೊತ್ತುಪಡಿಸಿದವರು ಮಾತ್ರ ಸಹಿ ಹಾಕುವುದರಿಂದ ಇದನ್ನು ವಿಕೇಂದ್ರೀಕೃತವೆನ್ನಲಾಗದು, ಆದರೆ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಉಚಿತವಾಗಿ ಪಡೆದ ನಾಣ್ಯಗಳನ್ನು ಡೆಸ್ಕ್‌ಟಾಪಿನಿಂದ ಲ್ಯಾಪ್‌ಟಾಪಿಗೆ ಕಳುಹಿಸಿ, ವಹಿವಾಟು ಬ್ಲಾಕಿಗೆ ಸೇರುವ ದೃಢೀಕರಣಕ್ಕಾಗಿ ಸುಮಾರು ಹತ್ತು ನಿಮಿಷ ಕಾಯುವುದನ್ನು ರೂಢಿಸಿಕೊಂಡೆ. ವ್ಯಾಲೆಟ್‌ಗೆ (ನಾಣ್ಯಗಳ ಕೀಲಿಗಳನ್ನು ಇಡುವ ಕಡತಕ್ಕೆ) ಇಟ್ಟಿದ್ದ ಉದ್ದದ ಗುಪ್ತಪದವನ್ನು ಬರೆದಿಡದೆ ನೆನಪಿನಲ್ಲಿಯೇ ಇಟ್ಟುಕೊಂಡಿದ್ದೆ. ಎರಡು ವಾರದ ನಂತರ ಅದು ನೆನಪಿಗೆ ಬರಲೇ ಇಲ್ಲ, ನಾಣ್ಯಗಳೆಲ್ಲ ಹೋದವು. ಯಾರಿಗೂ ದೂರು ಕೊಟ್ಟು ಮರಳಿ ಪಡೆಯುವ ದಾರಿ ಇಲ್ಲಿಲ್ಲವೆಂಬುದು ಅರ್ಥವಾದದ್ದು ಆಗಲೇ.

ಆಮೇಲೆ ಮುಖ್ಯ ಜಾಲಕ್ಕೆ ಹೋದೆ. 2009ರ ಜನವರಿ 3ರ ಮೊದಲ ಬ್ಲಾಕಿನಿಂದ ಇಂದಿನವರೆಗಿನ ದಾಖಲೆ 600 ಜಿ.ಬಿ.ಗೂ ಮೀರುತ್ತದೆ, ನನ್ನ ಎಸ್‌ಎಸ್‌ಡಿಯಲ್ಲಿ ಅಷ್ಟು ಜಾಗವಿರಲಿಲ್ಲ. ಆದ್ದರಿಂದ ಪ್ರೂನ್ ವಿಧಾನವನ್ನು ಆರಿಸಿ 10 ಜಿ.ಬಿ. ಮಿತಿ ಹಾಕಿದೆ: ನೋಡ್ ಪ್ರತಿ ಬ್ಲಾಕನ್ನೂ ಇಳಿಸಿಕೊಂಡು ಪರಿಶೀಲಿಸುತ್ತದೆ, ಹಳೆಯದನ್ನು ಅಳಿಸುತ್ತ ಹೋಗುತ್ತದೆ. ಸಾಮಾನ್ಯವಾಗಿ ಈ ತಂತ್ರಾಂಶ ಹಳೆಯ ಬ್ಲಾಕ್‌ಗಳ ವಹಿವಾಟುಗಳ ಮೇಲಿನ ಸಹಿಗಳನ್ನು ಮತ್ತೆ ಪರಿಶೀಲಿಸದೆ ಮುಂದೆ ಸಾಗುತ್ತದೆ. ನಾನು ಆ ಸೌಲಭ್ಯವನ್ನು ತೆಗೆದುಹಾಕಿ, ಪ್ರತಿಯೊಂದು ಸಹಿಯನ್ನೂ ನನ್ನ ಯಂತ್ರವೇ ಪರಿಶೀಲಿಸಲಿ ಎಂದು ಹೊಂದಿಸಿದೆ. ಹಳೆಯ ಪ್ರೊಸೆಸರಿಗೆ ಇದು ಭಾರಿ ಕೆಲಸ. ಹಗಲೂ ರಾತ್ರಿ ಓಡಿದ ನೋಡ್ ಹನ್ನೊಂದನೆಯ ದಿನ ಬೆಳಿಗ್ಗೆ, ಬ್ಲಾಕ್‌ಗಳ ದತ್ತಾಂಶ ಕೆಟ್ಟಿದೆಯೆಂದು ಹೇಳಿ ನಿಂತುಬಿಟ್ಟಿತು. ಪ್ರೂನ್ ಮಾಡಿದ ನೋಡಿನಲ್ಲಿ ಹಳೆಯ ಬ್ಲಾಕ್‌ಗಳು ಇರುವುದಿಲ್ಲವಾದ್ದರಿಂದ ಎಲ್ಲವನ್ನೂ ಮೊದಲಿನಿಂದ ಇಳಿಸಿಕೊಳ್ಳದೆ ಬೇರೆ ದಾರಿಯಿರಲಿಲ್ಲ.

ಮೊದಲು ಎಸ್‌ಎಸ್‌ಡಿಯನ್ನು ಅನುಮಾನಿಸಿದೆ, ಅದರ ವರದಿ ಶುದ್ಧವಾಗಿತ್ತು. ಕೇಬಲ್ ಬದಲಿಸಿ ಮತ್ತೆ ಆರಂಭಿಸಿದರೆ ಮೂರನೆಯ ದಿನವೇ ನಿಂತಿತು. ಎರಡು ಸಲವೂ ಬೇರೆ ಬೇರೆ ಬ್ಲಾಕಿನ ಬಳಿ ನಿಂತಿದ್ದೇ ಸುಳಿವಾಯಿತು: ದೋಷ ದತ್ತಾಂಶದಲ್ಲಿದ್ದಿದ್ದರೆ ಒಂದೇ ಜಾಗದಲ್ಲಿ ನಿಲ್ಲಬೇಕಿತ್ತು. ಅಂದು ರಾತ್ರಿ ಮೆಮ್‌ಟೆಸ್ಟನ್ನು ನಿಲ್ಲಿಸದೆ ಬಿಟ್ಟೆ. ಯಂತ್ರ ಚೆನ್ನಾಗಿ ಕಾದ ಮೇಲೆ, ಮೂರನೆಯ ಸುತ್ತಿನಲ್ಲಿ, ಒಂದು ವಿಳಾಸದಲ್ಲಿ ಒಂದೇ ಒಂದು ಬಿಟ್ ತಪ್ಪಾಗಿ ಬರುತ್ತಿತ್ತು. ಎರಡು ರ‍್ಯಾಮ್ ಪಟ್ಟಿಗಳನ್ನು ಒಂದೊಂದಾಗಿ ತೆಗೆದು ಪರೀಕ್ಷಿಸಿ ಕೆಟ್ಟದ್ದನ್ನು ಗುರುತಿಸಿದೆ.

ಇಂಥ ದೋಷವಿರುವ ಕಂಪ್ಯೂಟರಿನಲ್ಲಿ ಪತ್ರ ಬರೆಯಬಹುದು, ಚಲನಚಿತ್ರ ನೋಡಬಹುದು. ಒಂದು ಚುಕ್ಕಿಯ ಬಣ್ಣ ಬದಲಾದರೆ ಯಾರಿಗೂ ತಿಳಿಯುವುದಿಲ್ಲ. ಬಿಟ್‌ಕಾಯಿನ್‌ನಲ್ಲಿ ಹಾಗಲ್ಲ. ಪ್ರತಿ ಬ್ಲಾಕೂ ತನ್ನ ಹಿಂದಿನ ಬ್ಲಾಕಿನ ಹ್ಯಾಶನ್ನು (ಮೇಲೆ ಹೇಳಿದಂಥ ಗುರುತುಸಂಖ್ಯೆಯನ್ನು) ಹೊತ್ತಿರುತ್ತದೆ, ಒಳಗಿನ ಎಲ್ಲ ವಹಿವಾಟುಗಳೂ ಒಂದೇ ಹ್ಯಾಶಿಗೆ ಕಟ್ಟಲ್ಪಟ್ಟಿರುತ್ತವೆ. ಒಂದು ಬಿಟ್ ತಿರುಗಿದರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ಯಾರೋ ಮೋಸಗಾರ ದಾಖಲೆ ತಿದ್ದುವುದನ್ನು ತಡೆಯಲು ಮಾಡಿದ ವ್ಯವಸ್ಥೆ, ನನ್ನ ರ‍್ಯಾಮ್ ಪಟ್ಟಿಯ ದೋಷವನ್ನೂ ಅಷ್ಟೇ ನಿಷ್ಠುರವಾಗಿ ಹಿಡಿದುಕೊಟ್ಟಿತು. ಅಂದಿನಿಂದ ಮಕ್ಕಳಿಗೆ ಕೊಡುವ ಪ್ರತಿ ಯಂತ್ರದಲ್ಲಿಯೂ ಮೆಮ್‌ಟೆಸ್ಟನ್ನು ಇಡೀ ರಾತ್ರಿ ಓಡಿಸಿ, ಅದರ ಮೇಲೆ ಮೂರು ದಿನ ನೋಡ್ ಓಡಿಸುತ್ತೇನೆ.

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಬೇರೆ ಪಟ್ಟಿ ಹಾಕಿ, ಚಿಕ್ಕ ಯುಪಿಎಸ್ ಜೋಡಿಸಿ ಮೂರನೆಯ ಸಲ ಆರಂಭಿಸಿದಾಗ ಇಪ್ಪತ್ತಾರು ದಿನಗಳಲ್ಲಿ ಕೆಲಸ ಮುಗಿಯಿತು. ಯುಪಿಎಸ್ ಬಹಳ ಅಗತ್ಯ: ವೇಗಕ್ಕಾಗಿ ರ‍್ಯಾಮಿನಲ್ಲಿ ಹೆಚ್ಚು ಜಾಗ ಕೊಟ್ಟಷ್ಟೂ, ಕರೆಂಟು ಹೋದಾಗ ಡಿಸ್ಕಿಗೆ ಇನ್ನೂ ಬರೆಯದೆ ಉಳಿದ ಕೆಲಸ ಹೆಚ್ಚು ನಷ್ಟವಾಗುತ್ತದೆ. ಇದು ಮೈನಿಂಗ್, ಅಂದರೆ ಹೊಸ ಬ್ಲಾಕ್ ಸೃಷ್ಟಿಸಿ ನಾಣ್ಯ ಗಳಿಸುವ ಕೆಲಸ, ಅಲ್ಲವೆಂದು ಹಲವರಿಗೆ ಹೇಳಬೇಕಾಯಿತು. ಅದಕ್ಕೆ ಈಗ ವಿಶೇಷ ಚಿಪ್‌ಗಳೇ ಬೇಕು, ಹಳೆಯ ಕಂಪ್ಯೂಟರಿನಿಂದ ಒಂದು ಪೈಸೆಯೂ ಹುಟ್ಟುವುದಿಲ್ಲ. ಚಲಾವಣೆಯಲ್ಲಿರುವ ಒಟ್ಟು ನಾಣ್ಯಗಳನ್ನು ಎಣಿಸುವ ಆದೇಶವನ್ನು ಕೊಟ್ಟು ಕೆಲವು ನಿಮಿಷ ಕಾದಾಗ, 2 ಕೋಟಿ 10 ಲಕ್ಷದ ಮಿತಿಯೊಳಗೆ, 1 ಕೋಟಿ 99 ಲಕ್ಷದ ಆಸುಪಾಸಿನ ಸಂಖ್ಯೆ ಪರದೆಯ ಮೇಲೆ ಬಂತು. ಯಾರ ಮಾತನ್ನೂ ಕೇಳದೆ ಆ ಲೆಕ್ಕವನ್ನು ಗುಜರಿಗೆ ಹೋಗಬೇಕಿದ್ದ ಯಂತ್ರ ಹೇಳಿತೆಂಬುದು ನನಗೆ ಬಹಳ ಸಂತೋಷ ಕೊಟ್ಟ ಗಳಿಗೆ.

ನಿಜವಾದ ಹಣದ ಪ್ರಯೋಗವನ್ನು ಐದು ಸಾವಿರ ರೂಪಾಯಿಗೆ ಮಿತಿಗೊಳಿಸಿದೆ. ನಮ್ಮಲ್ಲಿ 2022ರ ಏಪ್ರಿಲ್ 1ರಿಂದ ಇದರ ಲಾಭದ ಮೇಲೆ ಶೇ 30 ತೆರಿಗೆಯಿದೆ, ನಷ್ಟವನ್ನು ಬೇರೆ ಆದಾಯದಲ್ಲಿ ಕಳೆಯುವಂತಿಲ್ಲ; ಅದೇ ವರ್ಷದ ಜುಲೈ 1ರಿಂದ ಮಾರಾಟದ ಮೇಲೆ ಶೇ 1 ಟಿಡಿಎಸ್ ಕೂಡ ಬಂದಿದೆ. ವಿನಿಮಯ ಕೇಂದ್ರವೊಂದರಲ್ಲಿ ಕೊಂಡ ನಾಣ್ಯವನ್ನು ಅಲ್ಲಿಯೇ ಬಿಡದೆ ನನ್ನ ವ್ಯಾಲೆಟ್ಟಿಗೆ ತರಿಸಿಕೊಂಡೆ. ಜಾಲದ ಶುಲ್ಕ ಮೊತ್ತಕ್ಕೆ ತಕ್ಕಂತೆ ಇರದೆ ವಹಿವಾಟಿನ ದತ್ತಾಂಶದ ಗಾತ್ರಕ್ಕೆ ತಕ್ಕಂತೆ ಇರುವುದರಿಂದ, ಸಣ್ಣ ಮೊತ್ತ ತರಿಸುವವರಿಗೆ ಅದು ಭಾರವೇ. ಮೊದಲು ಅರ್ಧ ತರಿಸಿಕೊಂಡು, ವ್ಯಾಲೆಟ್ಟನ್ನು ಯಂತ್ರದಿಂದ ಅಳಿಸಿ, ಎರಡು ಪೆನ್‌ಡ್ರೈವ್‌ಗಳಲ್ಲಿದ್ದ ಪ್ರತಿಗಳಿಂದ ಮರಳಿ ಸ್ಥಾಪಿಸಿ ನೋಡಿದೆ. ಗುಪ್ತಪದವನ್ನು ಈ ಸಲ ಕಾಗದದಲ್ಲಿ ಬರೆದು ಬೇರೆ ಕಡೆ ಇಟ್ಟಿದ್ದೆ. ಪ್ರೂನ್ ನೋಡ್ ಇಟ್ಟುಕೊಂಡವರು ಒಂದು ವಿಷಯ ಗಮನಿಸಬೇಕು: 10 ಜಿ.ಬಿ.ಯಲ್ಲಿ ಸುಮಾರು ಒಂದು ತಿಂಗಳಿನ ಬ್ಲಾಕ್‌ಗಳು ಮಾತ್ರ ಉಳಿಯುವುದರಿಂದ, ಅದಕ್ಕಿಂತ ಹಳೆಯ ಪ್ರತಿಯನ್ನು ಸ್ಥಾಪಿಸಿದರೆ ನೋಡ್ ಹಿಂದಕ್ಕೆ ಹೋಗಿ ನಾಣ್ಯಗಳನ್ನು ಹುಡುಕಲಾರದು. ಉಳಿದರ್ಧ ಬಂದಾಗ ವಹಿವಾಟು ಮೊದಲು ನನ್ನ ನೋಡಿನಲ್ಲಿ ಬ್ಲಾಕಿಗೆ ಸೇರಲು ಕಾಯುವ ಸರದಿಯಲ್ಲಿ ಕಾಣಿಸಿಕೊಂಡು, ಸುಮಾರು ಒಂದು ಗಂಟೆಯಲ್ಲಿ ಆರು ದೃಢೀಕರಣಗಳನ್ನು (ತನ್ನ ಬ್ಲಾಕ್ ಮತ್ತು ಅದರ ಮೇಲೆ ಇನ್ನೈದು) ಪಡೆಯಿತು.

ಡೆಸ್ಕ್‌ಟಾಪ್ ದಿನಕ್ಕೆ ಸುಮಾರು ಒಂದೂವರೆ ಯೂನಿಟ್ ವಿದ್ಯುತ್ ಎಳೆಯುತ್ತಿದ್ದುದರಿಂದ, ದತ್ತಾಂಶವನ್ನೆಲ್ಲ ಲ್ಯಾಪ್‌ಟಾಪಿಗೆ ನಕಲಿಸಿ ನೋಡನ್ನು ಅಲ್ಲಿಗೆ ಸಾಗಿಸಿದೆ; ಅದು ಈಗಲೂ ಓಡುತ್ತಿದೆ. ಡೆಸ್ಕ್‌ಟಾಪನ್ನು ಮತ್ತೆ ಅಳಿಸಿ, ಡೆಬಿಯನ್ ಹಾಕಿ, ನಮ್ಮ ಬೀದಿಯ ಪಿಯುಸಿ ಓದುವ ಹುಡುಗಿಯೊಬ್ಬಳಿಗೆ ಕೊಟ್ಟಿದ್ದೇನೆ. ಕೆಟ್ಟ ರ‍್ಯಾಮ್ ಪಟ್ಟಿಯ ಮೇಲೆ ಕೆಂಪು ಶಾಯಿಯಿಂದ ಗುರುತು ಹಾಕಿ, ಬೇರೆಯದರೊಂದಿಗೆ ಬೆರೆಯದಂತೆ ಪ್ರತ್ಯೇಕ ಡಬ್ಬಿಯಲ್ಲಿ ಇಟ್ಟಿದ್ದೇನೆ.