ಕಂಡಿಕೆ ಕೈಬಿಡಲು ಕೋರಿದೆ

ತುಮಕೂರು ಜಿಲ್ಲೆಯ ಒಂದು ತಾಲೂಕು ಆಸ್ಪತ್ರೆಯ ಕಚೇರಿಯಲ್ಲಿ ನಾನು ಎಫ್‌ಡಿಎ, ಅಂದರೆ ಪ್ರಥಮ ದರ್ಜೆ ಸಹಾಯಕಿ ಆಗಿದ್ದೆ. ಆಡಿಟ್‌ಗೆ ಉತ್ತರ ಬರೆಯುವ ಕೆಲಸ ನನ್ನ ಟೇಬಲ್ಲಿನದು. ಈಗ ಆ ಟೇಬಲ್ಲಿಗೆ ಹೊಸಬರು ಬಂದಿದ್ದಾರೆ, ಅವರಂಥವರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಸರ್ಕಾರಿ ಕಚೇರಿಗಳ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರ ಕಚೇರಿಯ ತಂಡ ಬಂದರೆ ಮೊದಲು ನಮ್ಮ ಕೈಗೆ ಬರುವುದು ಹಾಫ್ ಮಾರ್ಜಿನ್. ಹಾಳೆಯ ಒಂದು ಅರ್ಧದಲ್ಲಿ ಅವರ ಪ್ರಶ್ನೆ, ಇನ್ನೊಂದು ಅರ್ಧ ನಮ್ಮ ಉತ್ತರಕ್ಕೆ ಖಾಲಿ. ಆ ಸಲ ಬಂದ ಪ್ರಶ್ನೆ ಇಷ್ಟೇ: ಎಕ್ಸ್‌ರೇ ಯಂತ್ರ ಸರಬರಾಜಾಗಿದ್ದರೂ ಬಳಕೆಯಾಗಿಲ್ಲ, ಕಾರಣ ತಿಳಿಸಿ.

ನಾನು ಹಳೆಯ ಕಡತ ತೆಗೆದು ಅದರಲ್ಲಿದ್ದ ಸಾಲನ್ನೇ ಬರೆದೆ. ವಿದ್ಯುತ್ ಸಂಪರ್ಕದ ಕೊರತೆ ಇದೆ, ಶೀಘ್ರ ಕ್ರಮ ವಹಿಸಲಾಗುವುದು, ಆದ್ದರಿಂದ ಕಂಡಿಕೆ ಕೈಬಿಡಲು ಕೋರಿದೆ. ಕಂಡಿಕೆ ಅಂದರೆ ಆಡಿಟ್‌ನವರು ಆಕ್ಷೇಪ ಬರೆದ ಪ್ಯಾರಾ. ಹಾಗೆ ಬರೆದದ್ದು ತಪ್ಪು. ಎಂಥಾ ತಪ್ಪು ಅಂತ ಆಗ ಗೊತ್ತಾಗಲಿಲ್ಲ.

ಅವರು ಕೈಬಿಡಲಿಲ್ಲ. ಅದು ಪರಿಶೀಲನಾ ವರದಿಗೆ ಸೇರಿತು. ಒಂದು ತಿಂಗಳೊಳಗೆ ಅನುಪಾಲನಾ ವರದಿ, ಅಂದರೆ ಏನು ಕ್ರಮ ಕೈಗೊಂಡೆವು ಅನ್ನುವ ಉತ್ತರ, ಕೊಡಬೇಕಿತ್ತು. ನಾವು ಅದೇ ಸಾಲನ್ನು ಮತ್ತೆ ಕಳಿಸಿದೆವು. ಇಂಥವು ಹಲವು ಆಸ್ಪತ್ರೆಗಳಲ್ಲಿ ಕಂಡಾಗ ಸಿಎಜಿ (ಭಾರತದ ಮಹಾಲೇಖಪಾಲರು) ವರದಿಯೊಳಗೆ ಹೋಗುತ್ತವೆ. ಸಂವಿಧಾನದ 151ನೇ ವಿಧಿಯಂತೆ ಆ ವರದಿ ರಾಜ್ಯಪಾಲರ ಮೂಲಕ ಸದನದಲ್ಲಿ ಮಂಡನೆಯಾಗುತ್ತದೆ, ಅಲ್ಲಿಂದ ಶಾಸಕರಿರುವ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ಬರುತ್ತದೆ. ಸಮಿತಿಯ 1999ರ ನಿಯಮದ ಪ್ರಕಾರ, ಮಂಡನೆಯಾದ 4 ತಿಂಗಳಲ್ಲಿ ಇಲಾಖೆ ವಿವರವಾದ ಉತ್ತರ ಕೊಡಬೇಕು. ಆ 4 ತಿಂಗಳು ಬೆಂಗಳೂರಿನಿಂದ ತುಮಕೂರಿನ ಡಿಎಚ್‌ಓ (ಜಿಲ್ಲಾ ಆರೋಗ್ಯಾಧಿಕಾರಿ) ಕಚೇರಿಗೆ ಇಳಿದು ನಮ್ಮ ಹತ್ತಿರ ಬರುವಾಗ 'ಇಂದೇ ಕಳಿಸಿ' ಆಗಿರುತ್ತದೆ!

ಹಾಗೆ ಕೇಳಿ ಬಂದ ದಿನ ನಾನು ಕಡತ ಬಿಟ್ಟು ಎದ್ದು ಎಕ್ಸ್‌ರೇ ಕೋಣೆಗೆ ಹೋದೆ. ಆಯಾ ಬೀಗ ತೆಗೆದರು. ಯಂತ್ರದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು, ಅದರ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಪಕ್ಕದಲ್ಲಿ ಹಳೇ ಹಾಸಿಗೆಗಳು. ಹೊರಗೆ ಬೆಂಚಿನ ಮೇಲೆ ಒಬ್ಬ ಅಜ್ಜ ಕೂತಿದ್ದರು, ಮಣಿಕಟ್ಟು ಬದನೆಕಾಯಿ ಹಾಗೆ ಊದಿತ್ತು, ಕೈಯಲ್ಲಿ ಚೀಟಿ. ಹೊರಗಡೆ ಎಕ್ಸ್‌ರೇ ತೆಗೆಸಿಕೊಂಡು ಬನ್ನಿ ಅಂತ ಬರೆದಿತ್ತು. "ಇಲ್ಲಿ ಮಿಷನ್ ಇಲ್ವೇನಮ್ಮಾ?" ಅಂದರು. ಬಾಗಿಲು ತೆರೆದೇ ಇತ್ತು, ಅವರಿಗೂ ಕಾಣುತ್ತಿತ್ತು.

ಅವತ್ತು ಒಂದು ಹಾಳೆಯಲ್ಲಿ ಬರೀ ತಾರೀಖು ಬರೆದೆ. ಯಂತ್ರ ಬಂದ ದಿನ, ಜಾಸ್ತಿ ಲೋಡ್ ಕೇಳಿ ಅರ್ಜಿ ಕೊಟ್ಟ ದಿನ, ಠೇವಣಿ ಕಟ್ಟಿದ ದಿನ. ಮೂರನೆಯದು ಖಾಲಿ! ಕರೆಂಟಿನವರು ಕೊಡದೆ ಇದ್ದದ್ದಲ್ಲ, ನಾವೇ ದುಡ್ಡು ಕಟ್ಟಿರಲಿಲ್ಲ. ಯಾವ ಅನುದಾನದಿಂದ ಕಟ್ಟಬೇಕು ಅನ್ನುವ ಟಿಪ್ಪಣಿ ನಮ್ಮ ಬೀರುವಿನಲ್ಲೇ ಮಲಗಿತ್ತು. ಆ ಹಾಳೆ ಇಟ್ಟುಕೊಂಡು ಆಡಳಿತ ವೈದ್ಯಾಧಿಕಾರಿ ಸಾಹೇಬರ ಮುಂದೆ ನಿಂತೆ. ಆರೋಗ್ಯ ರಕ್ಷಾ ಸಮಿತಿ ಸಭೆಯಲ್ಲಿ ಒಪ್ಪಿಗೆ ಆಯಿತು, ಠೇವಣಿ ಕಟ್ಟಿದೆವು, ಸಂಪರ್ಕ ಬಂತು. ಎಕ್ಸ್‌ರೇ ಯಂತ್ರಕ್ಕೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಲೈಸೆನ್ಸೂ ಬೇಕು, ಅದಕ್ಕೆ ಆನ್‌ಲೈನಲ್ಲಿ ಅರ್ಜಿ ಹಾಕಿದೆವು. ಅದರ ಬಗ್ಗೆ ಯಾವ ಆಡಿಟ್ ಉತ್ತರದಲ್ಲೂ ಒಂದಕ್ಷರ ಇರಲಿಲ್ಲ.

ಲೆಕ್ಕಪತ್ರ ಸಮಿತಿ ಕರೆದ ದಿನ ನಾನು ಕಡತ ಹೊತ್ತು ವಿಧಾನಸೌಧಕ್ಕೆ ಹೋಗಿದ್ದೆ. ಒಳಗೆ ಉತ್ತರ ಕೊಡುವವರು ಇಲಾಖೆಯ ಕಾರ್ಯದರ್ಶಿ, ನಮ್ಮಂಥವರು ಹೊರಗೆ ಮೊಗಸಾಲೆಯಲ್ಲಿ. ಈ ಸಮಿತಿಗೆ ವಿರೋಧ ಪಕ್ಷದವರೇ ಅಧ್ಯಕ್ಷರಾಗುವುದು ರೂಢಿ, ಹಾಗಾಗಿ ಪ್ರಶ್ನೆ ಮೆತ್ತಗೆ ಇರುವುದಿಲ್ಲ. ಸ್ವಲ್ಪ ಹೊತ್ತಿಗೆ ಒಬ್ಬರು ಆಫೀಸರ್ ಅವಸರದಲ್ಲಿ ಹೊರಗೆ ಬಂದು, "ಮೊದಲ ರೋಗಿಗೆ ಎಕ್ಸ್‌ರೇ ತೆಗೆದದ್ದು ಯಾವತ್ತು ಅಂತ ಕೇಳ್ತಿದ್ದಾರೆ, ಲಾಗ್ ಬುಕ್ ಇದೆಯಾ?" ಅಂದರು. ಇತ್ತು. ಮೊದಲ ಪುಟ ತೆಗೆದುಕೊಟ್ಟೆ. ಅಷ್ಟು ಪುಟಗಳ ಅನುಪಾಲನಾ ವರದಿಯಲ್ಲಿ ಅವರಿಗೆ ಬೇಕಾದದ್ದು ಆ ಒಂದು ತಾರೀಖು.

ಹಾಗಾಗಿ ಹೇಳುತ್ತೇನೆ, ಉತ್ತರ ಬರೆಯುವ ಮುಂಚೆ ಒಂದ್ಸಲ ವಾರ್ಡಿಗೆ ಹೋಗಿ ಬನ್ನಿ. 'ಕ್ರಮ ವಹಿಸಲಾಗುವುದು' ಅಂತ ಸುಮ್ನೆ ಬರೆಯಬೇಡಿ. ಯಾರು, ಯಾವತ್ತು, ಎಷ್ಟು ದುಡ್ಡು ಅಂತ ಬರೆಯಿರಿ, ದಾಖಲೆ ಲಗತ್ತಿಸಿ. ಆಗಿಲ್ಲದ್ದನ್ನು ಆಗಿಲ್ಲ ಅನ್ನಿ.

ನಮ್ಮಲ್ಲಿ ರೇಡಿಯಾಗ್ರಾಫರ್ ಹುದ್ದೆ ಖಾಲಿ ಇತ್ತು. ಬೇರೆ ಆಸ್ಪತ್ರೆಯವರು ನಿಯೋಜನೆ ಮೇಲೆ ವಾರಕ್ಕೆ 3 ದಿನ ಬರುತ್ತಿದ್ದರು, ಉಳಿದ ದಿನ ಜನ ತುಮಕೂರಿನ ಬಸ್ಸೇ ಹತ್ತಬೇಕಿತ್ತು. ಕೊನೆಯ ಉತ್ತರದಲ್ಲಿ ಅದನ್ನೂ ಬರೆದೆ. ಆ ಸಾಲು ತೆಗೆಯಮ್ಮ, ಕಂಡಿಕೆ ಮತ್ತೆ ಉಳಿದುಕೊಳ್ಳುತ್ತೆ ಅಂತ ಕಚೇರಿಯಲ್ಲಿ ಅಂದರು. ನಾನು ತೆಗೆಯಲಿಲ್ಲ. ಕಂಡಿಕೆ ಉಳಿಯಿತು.